ಆರು ಕಾರಣ, ಹನ್ನೆರಡು ಅಂಕ

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಇತಿಹಾಸದ ಪುಸ್ತಕದಲ್ಲಿ ಓದಿದ್ದೆಲ್ಲ ಮರೆತರೂ ‘ತಕ್ಷಣದ ಕಾರಣ’ ಎಂಬೆರಡು ಶಬ್ದ ಮರೆತಿರುವುದಿಲ್ಲ. 1857ಕ್ಕೆ ಕೊಬ್ಬು ಸವರಿದ ತೋಟಾ, 1914ಕ್ಕೆ ಸರಾಯೇವೋದಲ್ಲಿ ಹಾರಿದ ಗುಂಡು. ರಾಜಕೀಯ ಕಾರಣ, ಆರ್ಥಿಕ ಕಾರಣ, ಸೈನಿಕ ಕಾರಣ ಎಂದು ಬರೆದು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಪಾಯಿಂಟು ತುಂಬಿ ಬಂದರೆ ಯುದ್ಧ ಮುಗಿಯಿತು. ನೈರೋಬಿಯ ಪೂರ್ವದಂಚಿನ ಎಂಬಕಸಿಯ ಹೈಸ್ಕೂಲು ಮಕ್ಕಳ ಪಾಡೂ ಇದೇ. ಹೈಸ್ಕೂಲಿನ ಕೊನೆಗೆ ಬರೆಯುವ ಕೀನ್ಯಾದ ಕೆಸಿಎಸ್‌ಇ ಪರೀಕ್ಷೆಯ ‘ಇತಿಹಾಸ ಮತ್ತು ಸರ್ಕಾರ’ ಪತ್ರಿಕೆಯಲ್ಲಿ ‘ಆರು ಕಾರಣಗಳನ್ನು ವಿವರಿಸಿ, 12 ಅಂಕ’ ಎಂಬ ಜಾತಿಯ ಪ್ರಶ್ನೆ ಮಾಮೂಲು. ಆರರಲ್ಲಿ ಯಾವುದು ಹೆಚ್ಚು ತೂಕದ್ದು ಎಂದು ವಾದಿಸುವ ಹುಡುಗಿಗೆ ಅಲ್ಲಿ ಜಾಗವಿಲ್ಲ.

ಮಸಾಯಿ ಮಾರಾ ನೋಡಲು ಹೊರಟ ಕನ್ನಡಿಗರು ವಿಮಾನ ಇಳಿಯುವುದು ಈ ಎಂಬಕಸಿಯಲ್ಲೇ. 1958ರಲ್ಲಿ ಶುರುವಾದ ಇಲ್ಲಿನ ವಿಮಾನ ನಿಲ್ದಾಣಕ್ಕೆ ಆಗ ಊರಿನದೇ ಹೆಸರಿತ್ತು. ಜೋಮೋ ಕೆನ್ಯಾಟ್ಟಾರ ಹೆಸರು ಬಂದದ್ದು ಆಮೇಲೆ. ಅದನ್ನು ಕಟ್ಟಲು ದುಡಿದವರಲ್ಲಿ ಬ್ರಿಟಿಷರ ವಿರುದ್ಧದ ಮಾವ್ ಮಾವ್ ಬಂಡಾಯದಲ್ಲಿ ಸೆರೆಸಿಕ್ಕವರು ಸಾವಿರಗಟ್ಟಲೆ ಇದ್ದರು. ಯುದ್ಧವೊಂದರ ಕೈದಿಗಳು ಮಣ್ಣು ಹೊತ್ತ ನೆಲದ ಪಕ್ಕದಲ್ಲೇ ಇಂದಿನ ಮಕ್ಕಳು ಸರಾಯೇವೋದ ಗುಂಡನ್ನು ಬಾಯಿಪಾಠ ಮಾಡುತ್ತಾರೆ. ಯುದ್ಧದ ಕಾರಣಗಳನ್ನು ಮಕ್ಕಳಿಂದ ಚರ್ಚೆ ಮಾಡಿಸುವ ಕಲೆ ಬೆಳೆದುಬಂದ ಬಗೆಯನ್ನು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಯುದ್ಧಕ್ಕೆ ಯಾರು ಕಾರಣ ಎಂಬ ಜಗಳ ಶಾಲೆಯೊಳಗೆ ಕಾಲಿಟ್ಟದ್ದು ಮೊದಲ ಮಹಾಯುದ್ಧದ ನಂತರ. 1919ರ ವರ್ಸೇಲ್ಸ್ ಒಪ್ಪಂದದ 231ನೇ ವಿಧಿ ಯುದ್ಧದ ಹೊಣೆಯನ್ನು ಜರ್ಮನಿಯ ಕಡೆಯ ಮೇಲೆ ಹೊರಿಸಿತು. ಮುಂದೆ ಒಂದೊಂದು ದೇಶದ ಪಠ್ಯಪುಸ್ತಕದಲ್ಲೂ ತಪ್ಪು ಪಕ್ಕದ ದೇಶದ್ದೇ ಆಯಿತು. ಎರಡನೆಯ ಯುದ್ಧವೂ ಮುಗಿದ ಮೇಲೆ, 1951ರಲ್ಲಿ, ಫ್ರೆಂಚ್ ಮತ್ತು ಜರ್ಮನ್ ಇತಿಹಾಸಕಾರರು ಒಟ್ಟಿಗೆ ಕೂತರು. 1914ರಲ್ಲಿ ಯಾವುದೇ ಸರ್ಕಾರ ಬೇಕೆಂದೇ ಯುರೋಪಿನ ಯುದ್ಧ ಬಯಸಿತ್ತು ಎನ್ನಲು ದಾಖಲೆ ಸಾಲದು ಎಂದು ಒಮ್ಮತಕ್ಕೆ ಬಂದರು. ಪಠ್ಯಪುಸ್ತಕ ಬರೆಯುವವರು ನಿಟ್ಟುಸಿರು ಬಿಟ್ಟಿರಬೇಕು. ಹತ್ತು ವರ್ಷ ಕಳೆಯಿತು, 1961ರಲ್ಲಿ ಫ್ರಿಟ್ಸ್ ಫಿಶರ್ ಎಂಬ ಜರ್ಮನ್ ಪ್ರೊಫೆಸರೇ ‘ಇಲ್ಲ, ನಮ್ಮವರದೇ ಹೆಚ್ಚಿನ ಹೊಣೆ’ ಎಂದು ದಾಖಲೆ ಮುಂದಿಟ್ಟು ಬರೆದ. ದೊಡ್ಡ ಗದ್ದಲವೇ ಆಯಿತು. ಶಿಕ್ಷಕರ ಮಟ್ಟಿಗೆ ಆ ಗದ್ದಲ ಲಾಭವೇ. ಇತಿಹಾಸಕಾರರೇ ಇನ್ನೂ ಒಪ್ಪದ ಪ್ರಶ್ನೆಗೆ ಮಕ್ಕಳು ಮಾತ್ರ ಸಿದ್ಧ ಉತ್ತರ ಏಕೆ ಬರೆಯಬೇಕು? 1972ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸ್ಕೂಲ್ಸ್ ಕೌನ್ಸಿಲ್ ಹಿಸ್ಟರಿ ಪ್ರಾಜೆಕ್ಟ್ ಇದೇ ದಾರಿ ಹಿಡಿದು, ಆಧಾರಗಳನ್ನು ಮಕ್ಕಳ ಕೈಗೇ ಕೊಟ್ಟಿತು.

ಅದೇ ಹೊತ್ತಿಗೆ ಅಮೆರಿಕದ ಮಿನ್ನೆಸೋಟಾದಲ್ಲಿ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸೋದರರು ಚರ್ಚೆಯ ಕಟ್ಟನ್ನೇ ಬದಲಿಸಿದರು. ನಾಲ್ವರ ಗುಂಪು, ಇಬ್ಬರು ಪರ, ಇಬ್ಬರು ವಿರೋಧ. ವಾದ ಮುಗಿದ ಮೇಲೆ ಪಕ್ಷ ಅದಲುಬದಲು. ಕೊನೆಗೆ ಪಕ್ಷ ಬಿಟ್ಟು ನಾಲ್ವರೂ ಕೂಡಿ ಒಂದು ನಿಲುವು ಬರೆಯಬೇಕು. ನಮ್ಮ ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆ ಕಂಡವರಿಗೆ ವ್ಯತ್ಯಾಸ ಹೊಳೆಯುತ್ತದೆ. ನಿರ್ಣಾಯಕರಿಗೆ ವಂದಿಸಿ ಶುರು, ಸಮಯಪಾಲಕರ ಗಂಟೆಗೆ ಮುಕ್ತಾಯ. ಪರದವನು ಮನೆಗೆ ಹೋಗುವಾಗಲೂ ಪರದವನೇ. ಅದರಿಂದ ಗಂಟಲು ತೆರೆಯುತ್ತದೆ, ಸಭಾಕಂಪ ಬಿಡುತ್ತದೆ, ಅದೇನು ಸಣ್ಣ ಲಾಭವಲ್ಲ. ಆದರೆ ಯುದ್ಧದಂಥ ವಿಷಯಕ್ಕೆ ಎರಡೇ ಬದಿ ಸಾಲುವುದಿಲ್ಲ.

ಕೀನ್ಯಾಕ್ಕೆ ಬರೋಣ. ವಸಾಹತು ಕಾಲದಲ್ಲಿ ಅಲ್ಲಿನ ಮಕ್ಕಳು ಬರೆಯುತ್ತಿದ್ದುದು ಕೇಂಬ್ರಿಜ್ ಪರೀಕ್ಷೆ. 1963ರ ಸ್ವಾತಂತ್ರ್ಯದ ನಂತರ ಪಾಠ ಊರ ಕಡೆ ತಿರುಗಿತು. ಬೆಥ್ವೆಲ್ ಓಗೋಟ್ ಮತ್ತು ಕೀರನ್ ಸಂಪಾದಿಸಿದ ‘ಜಮಾನಿ’ ಎಂಬ ಇತಿಹಾಸದ ಪುಸ್ತಕ 1968ರಲ್ಲಿ ಬಂತು. (ಸ್ವಾಹಿಲಿಯ ಜಮಾನಿಯೂ ನಮ್ಮ ಜಮಾನವೂ ಒಂದೇ ಅರಬ್ಬಿ ಬೇರಿನವು.) 1985ರಲ್ಲಿ 8-4-4 ಎಂಬ ಶಿಕ್ಷಣ ಪದ್ಧತಿ ಬಂದು, ಮಹಾಯುದ್ಧಗಳು ಹೈಸ್ಕೂಲಿನ ನಾಲ್ಕನೇ ಫಾರ್ಮಿಗೂ ಸ್ವಾತಂತ್ರ್ಯ ಹೋರಾಟ ಮೂರನೆಯದಕ್ಕೂ ಸೇರಿದವು. ಪಠ್ಯ ಬದಲಾಯಿತು, ಪಾಯಿಂಟು ಬದಲಾಗಲಿಲ್ಲ.

ದೂರದ ಯುದ್ಧವನ್ನೂ ಹತ್ತಿರಕ್ಕೆ ತರಬಹುದು. 1914ರಲ್ಲಿ ಬ್ರಿಟಿಷ್ ಪೂರ್ವ ಆಫ್ರಿಕಾದ ಗವರ್ನರ್ ಬೆಲ್‌ಫೀಲ್ಡ್, ಈ ಯುದ್ಧದಲ್ಲಿ ನಮ್ಮ ವಸಾಹತಿಗೆ ಯಾವ ಆಸಕ್ತಿಯೂ ಇಲ್ಲ, ಜರ್ಮನ್ನರ ಪಕ್ಕದಲ್ಲಿರುವುದೇ ನಮ್ಮ ಗ್ರಹಚಾರ ಎಂಬರ್ಥದ ಮಾತಾಡಿದ್ದ. ಆದರೂ ಯುದ್ಧ ಬಂತು. ಭಾರತದಿಂದ ಬಂದ ಹಡಗುಗಳಲ್ಲಿ ‘ಬೆಂಗಳೂರು ಬ್ರಿಗೇಡ್’ ಕೂಡ ಇತ್ತು. ಹೆಸರಷ್ಟೇ ನಮ್ಮದು. ಅದರಲ್ಲಿದ್ದವರು ಲ್ಯಾಂಕಶೈರಿನ ಬಿಳಿಯರು, ಪಾಳಯಂಕೋಟೆ ದಳದವರು ಮುಂತಾದವರು. 1914ರ ನವೆಂಬರ್ ಮೊದಲ ವಾರ, ಇಂದಿನ ತಾಂಜಾನಿಯಾದ ತಾಂಗಾ ಬಂದರಿನಲ್ಲಿ ಆ ಹಡಗುಗಳಲ್ಲಿ ಬಂದ ಒಟ್ಟು 8,000ದಷ್ಟಿದ್ದ ಪಡೆ ತನಗಿಂತ ಬಹಳ ಚಿಕ್ಕ ಜರ್ಮನ್ ಪಡೆಗೆ ಸೋತು ಹಿಂದೆ ಸರಿಯಿತು. ಜೇನು ಎದ್ದು ಕಚ್ಚಿದ್ದರಿಂದ ‘ಜೇನುಗಳ ಕದನ’ ಎಂಬ ಹೆಸರೂ ಬಂತು. ಹೊರೆ ಹೊತ್ತವರು ಆಫ್ರಿಕನ್ನರು. ‘ಕ್ಯಾರಿಯರ್ ಕೋರ್’ ಎಂಬ ಹಮಾಲಿ ಪಡೆಯ ಹೆಸರು ನೈರೋಬಿಯ ಕರಿಯೊಕೋರ್ ಬಡಾವಣೆಯಲ್ಲಿ ಉಳಿದುಕೊಂಡಿದೆ. ಸರಾಯೇವೋದ ಗುಂಡಿಗೂ ಈ ಹಮಾಲಿಯ ಬೆನ್ನಿಗೂ ಏನು ಸಂಬಂಧ? ಪಠ್ಯದ ಆರು ಕಾರಣಗಳಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಹಾಗಾಗಿಯೇ ಇದು ಒಳ್ಳೆಯ ಪ್ರಶ್ನೆ.

ಇನ್ನು ಮಾವ್ ಮಾವ್. ಎಂಬಕಸಿಯ ತರಗತಿಗೆ ನಾನು ಆರಿಸುವುದಾದರೆ ಇದನ್ನೇ. 1952ರ ಅಕ್ಟೋಬರ್ 20ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಕಾರಣ ಕೇಳಿ. 1954ರಲ್ಲಿ ಮನೋವೈದ್ಯ ಕ್ಯಾರೊಥರ್ಸ್ ಹೇಳಿದ: ಹಳೆಯ ಬದುಕು ಕಳಚಿ ಹೊಸದು ಒಗ್ಗದವರ ಮನೋವ್ಯಾಧಿ. 1960ರ ಕಾರ್‌ಫೀಲ್ಡ್ ವರದಿಯ ಪ್ರಕಾರ ಮುಖಂಡರ ಪಿತೂರಿ. 1966ರಲ್ಲಿ ರಾಸ್‌ಬರ್ಗ್ ಮತ್ತು ನಾಟಿಂಗ್‌ಹ್ಯಾಮ್ ಅದನ್ನೆಲ್ಲ ತಳ್ಳಿಹಾಕಿ, ಇದು ರಾಷ್ಟ್ರೀಯ ಹೋರಾಟ ಎಂದರು. 1987ರಲ್ಲಿ ತಬಿತಾ ಕನೋಗೊ ಬೇರು ಹುಡುಕಿದ್ದು ಬಿಳಿಯರ ಎಸ್ಟೇಟುಗಳಲ್ಲಿ, ಉಳಲು ತುಂಡು ನೆಲ ಪಡೆದು ಅದಕ್ಕೆ ಬದಲಾಗಿ ವರ್ಷದ ಬಹುಪಾಲು ದಿನ ದುಡಿದುಕೊಟ್ಟು, ಕೊನೆಗೆ ಒಕ್ಕಲೆಬ್ಬಿಸಿಕೊಂಡ ಕಿಕುಯು ಜನಾಂಗದ ಕುಟುಂಬಗಳಲ್ಲಿ. ಈ ನಾಲ್ಕು ವಿವರಣೆಗೆ ನಾಲ್ಕು ಚೀಟಿ, ನಾಲ್ಕು ಬೆಂಚು. ಬರೆದವರ ಹೆಸರು ಮುಚ್ಚಿ ಮೊದಲು ಓದಿಸಬೇಕು, ಆಮೇಲೆ ಯಾರು, ಯಾವಾಗ, ಯಾರ ಸಂಬಳದಲ್ಲಿ ಬರೆದರು ಎಂದು ತೆರೆದು ತೋರಿಸಬೇಕು. ಜೊತೆಗೆ ಎರಡು ಅಂಕಿ: ಆ ವರ್ಷಗಳಲ್ಲಿ ಸತ್ತ ಬಿಳಿಯ ವಲಸಿಗರು 32, ಗಲ್ಲಿಗೇರಿದ ಆಫ್ರಿಕನ್ನರು ಸಾವಿರಕ್ಕೂ ಮಿಕ್ಕಿ. ಬ್ರಿಟಿಷರ ಕಡೆ ನಿಂತ ಕಿಕುಯು ಮನೆಗಳವರು 1953ರಲ್ಲಿ ಲಾರಿ ಎಂಬ ಊರಿನಲ್ಲಿ ಕೊಲೆಯಾದದ್ದನ್ನೂ ಮುಚ್ಚಿಡಬಾರದು. ಆಗ ‘ಇದು ಯಾರ ಯಾರ ನಡುವಿನ ಯುದ್ಧ’ ಎಂಬ ಪ್ರಶ್ನೆ ಮೇಷ್ಟ್ರು ಕೇಳದೆಯೇ ಏಳುತ್ತದೆ.

ಇಂಥ ಪಾಠಕ್ಕೆ ಅಡ್ಡಿಯಾಗಿದ್ದು ಮಕ್ಕಳ ದಡ್ಡತನವಲ್ಲ. ಹಿಂದಿನದನ್ನು ಮರೆಯೋಣ ಎಂದದ್ದು ಸ್ವತಃ ಕೆನ್ಯಾಟ್ಟಾ. ಮಾವ್ ಮಾವ್ ಬಗ್ಗೆ ಬರೆಯುತ್ತಿದ್ದ ಇತಿಹಾಸದ ಮೇಷ್ಟ್ರು ಮೈನಾ ವ ಕಿನ್ಯಾಟ್ಟಿ, ರಾಜದ್ರೋಹದ ಬರಹ ಇಟ್ಟುಕೊಂಡ ಆರೋಪದಲ್ಲಿ 1982ರಿಂದ 1988ರವರೆಗೆ ಜೈಲಿನಲ್ಲಿದ್ದರು. ಮಾವ್ ಮಾವ್ ಮೇಲಿದ್ದ ಬ್ರಿಟಿಷರ ಕಾಲದ ನಿಷೇಧ ಸ್ವತಂತ್ರ ಕೀನ್ಯಾದಲ್ಲಿ ತೆರವಾದದ್ದು 2003ರಲ್ಲಿ! 2013ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ವಿಷಾದ ಹೇಳಿ 5,228 ಮಂದಿಗೆ ಪರಿಹಾರ ಒಪ್ಪಿದ ಮೇಲೆ ವಿಷಯ ಮಾತಾಡಲು ಸಲೀಸಾಯಿತು. ರುವಾಂಡಾದಲ್ಲಿ ಕಟ್ಟುನಿಟ್ಟು ಇದಕ್ಕಿಂತಲೂ ಹೆಚ್ಚಿತ್ತು. 1994ರ ನರಮೇಧದ ನಂತರ ಅಲ್ಲಿನ ಶಾಲೆಗಳಲ್ಲಿ ದೇಶದ ಇತಿಹಾಸದ ಪಾಠವೇ ವರ್ಷಗಟ್ಟಲೆ ನಿಂತಿತ್ತು.

ಕೀನ್ಯಾದಲ್ಲಿ ಈಗಲೂ ನಾಲಿಗೆ ತೊದಲುವುದು 2007ರ ಚುನಾವಣೆಯ ನಂತರದ ಹಿಂಸೆಯ ವಿಷಯದಲ್ಲಿ. 1,100ಕ್ಕೂ ಹೆಚ್ಚು ಮಂದಿ ಸತ್ತರು. 2008ರಲ್ಲಿ ಶಿಕ್ಷಣ ಸಚಿವಾಲಯ ಶಾಂತಿ ಶಿಕ್ಷಣ ಕಾರ್ಯಕ್ರಮ ತಂದಿತು. ಸೌಹಾರ್ದ ಕಲಿಸುವುದು ಸರಿ, ಆದರೆ ಸೌಹಾರ್ದ ಏಕೆ ಮುರಿಯಿತು ಎಂದು ಕೇಳದೆ ಕಲಿಸಿದ್ದು ಬಹಳ ದಿನ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಹಿಂಸೆಯ ನಂತರ ರಚನೆಯಾದ ಸತ್ಯ, ನ್ಯಾಯ ಮತ್ತು ಸಾಮರಸ್ಯ ಆಯೋಗದ 2013ರ ವರದಿಯಲ್ಲಿ, ಭೂಮಿಯ ಅಧ್ಯಾಯದ ಬಗ್ಗೆ ಆಯೋಗದ ವಿದೇಶಿ ಸದಸ್ಯರೇ ಭಿನ್ನಮತ ದಾಖಲಿಸಿದರು. ದೊಡ್ಡವರೇ ಒಂದು ಪುಟಕ್ಕಾಗಿ ಹೀಗೆ ಕಾದಾಡುವಾಗ, ಆ ಪುಟವನ್ನು ತರಗತಿಯಲ್ಲಿ ಬಿಡಿಸಲು ಮೇಷ್ಟ್ರು ಹಿಂಜರಿದರೆ ಅವರನ್ನು ದೂರಲಾರೆ.

2017ರಿಂದ ಹಂತಹಂತವಾಗಿ ಬಂದ ಹೊಸ ಪಠ್ಯಕ್ರಮ ಬಾಯಿಪಾಠಕ್ಕಿಂತ ವಿಮರ್ಶೆಯ ಬುದ್ಧಿ ಮುಖ್ಯ ಎನ್ನುತ್ತದೆ. ಅದರ ಮೊದಲ ತಂಡ 2026ರ ಜನವರಿಯಲ್ಲಿ ಹತ್ತನೇ ತರಗತಿ ಸೇರಿತು. ಅಲ್ಲಿ ‘ಇತಿಹಾಸ ಮತ್ತು ಪೌರತ್ವ’ ಎಂಬುದು ಆಯ್ದುಕೊಂಡವರಿಗೆ ಮಾತ್ರ. ಸೀನಿಯರ್ ಸ್ಕೂಲು ಮೂರು ವರ್ಷದ್ದು, ಹಾಗಾಗಿ ಅವರ ಕೊನೆಯ ಪರೀಕ್ಷೆ 2028ಕ್ಕೆ. ಆ ಪತ್ರಿಕೆಯಲ್ಲಿ ‘ಆರು ಕಾರಣ ವಿವರಿಸಿ’ ಎಂದೇ ಇದ್ದರೆ, ಪಠ್ಯಕ್ರಮದ ಹೆಸರಷ್ಟೇ ಬದಲಾಯಿತು ಎಂದುಕೊಳ್ಳಬೇಕು.