ವಸಂತಸೇನೆ (ಮೂಕಿಚಿತ್ರ)

ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ್ ದಯಾರಾಮ್ ಭವನಾನಿ ನಿರ್ದೇಶಿಸಿದ ಪ್ರಣಯಚಿತ್ರ, 1931ರಲ್ಲಿ ತೆರೆಕಂಡಿತು. ‘ಮೃಚ್ಛಕಟಿಕ’ ಎಂಬ ಹೆಸರೂ ಇದಕ್ಕಿದೆ. ನಿರ್ದೇಶಕರು ಸಿಂಧ್ ಪ್ರಾಂತ್ಯದವರು. ಮಾತಿಲ್ಲದ ಚಿತ್ರವನ್ನು ಇಂಥ ಭಾಷೆಯದೆಂದು ಹೇಳುವುದೂ ಕಷ್ಟ. ಹಾಗಿದ್ದರೂ ಕನ್ನಡ ಚಿತ್ರರಂಗದ ಇತಿಹಾಸದ ಆರಂಭದ ಪುಟಗಳಲ್ಲಿ ಇದರ ಹೆಸರು ಬರುತ್ತದೆ. ಕಾರಣ, ಇದರಲ್ಲಿ ಬಣ್ಣ ಹಚ್ಚಿದವರು.

ಮೂಲ ನಾಟಕಕ್ಕೆ ಹತ್ತು ಅಂಕಗಳು. ಉಜ್ಜಯಿನಿಯ ಗಣಿಕೆ ವಸಂತಸೇನೆ, ದಾನಮಾಡಿಯೇ ಬಡವನಾದ ಚಾರುದತ್ತನನ್ನು ಮೆಚ್ಚುತ್ತಾಳೆ. ರಾಜನ ಭಾವಮೈದುನ ಶಕಾರ ಅವಳ ಬೆನ್ನುಬೀಳುತ್ತಾನೆ. ಒಲಿಯದಿದ್ದಾಗ ಕತ್ತು ಹಿಸುಕಿ, ಸತ್ತಳೆಂದು ಬಗೆದು, ಕೊಲೆಯ ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಬೌದ್ಧ ಭಿಕ್ಷುವೊಬ್ಬನಿಂದ ಬದುಕುಳಿದ ವಸಂತಸೇನೆ ವಧ್ಯಸ್ಥಾನಕ್ಕೆ ಓಡಿಬರುತ್ತಾಳೆ. ಶಕಾರನ ಸೊಗಸೆಲ್ಲ ಅವನ ನಾಲಗೆಯಲ್ಲಿದೆ. ‘ಸ’ ಎನ್ನಬೇಕಾದಲ್ಲಿ ‘ಶ’ ಎನ್ನುತ್ತಾನೆ, ರಾಮಾಯಣ ಭಾರತಗಳನ್ನು ಕಲಸುಮೇಲೋಗರ ಮಾಡುತ್ತಾನೆ. ಮೂಕಿಯಲ್ಲಿ ಈ ಹಾಸ್ಯಕ್ಕೆ ಎಡೆಯಿಲ್ಲ; ನಟನ ಕಣ್ಣು, ನಡಿಗೆ, ಚಿತ್ರಿಕೆಗಳ ನಡುವಿನ ಬರಹ ಇಷ್ಟರಲ್ಲೇ ಎಲ್ಲವೂ ನಡೆಯಬೇಕು.

ನಾಯಕಿ ಏಣಾಕ್ಷಿ ರಾಮರಾವ್. ಫ್ರಾನ್ಜ್ ಆಸ್ಟೆನ್ ನಿರ್ದೇಶನದ ‘ಶಿರಾಜ್’ (1928) ಚಿತ್ರದ ಮುಮ್ತಾಜಳಾಗಿ ಆಗಲೇ ಹೆಸರಾಗಿದ್ದವರು, ಮುಂದೆ ಭವನಾನಿಯವರ ಪತ್ನಿ. ‘ಟೊಳ್ಳುಗಟ್ಟಿ’ಯ ನಾಟಕಕಾರ ಟಿ. ಪಿ. ಕೈಲಾಸಂ (1884–1946) ಕೂಡ ನಟಿಸಿದರು. ಮಾತನ್ನೇ ಬಂಡವಾಳ ಮಾಡಿಕೊಂಡ ಆ ನಾಟಕಕಾರ ಮಾತಿಲ್ಲದ ಪರದೆಯ ಮೇಲೆ ಕಾಣಿಸಿಕೊಂಡದ್ದು ವಿಶೇಷ. ಅದಕ್ಕಿಂತಲೂ ದಿಟ್ಟತನ ಕಮಲಾದೇವಿ ಚಟ್ಟೋಪಾಧ್ಯಾಯರದು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಅವರು 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತಿದ್ದರು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡಿದ್ದರು. ಸಂಭಾವಿತ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲುವುದು ಅವಮಾನವೆಂದು ಭಾವಿಸುತ್ತಿದ್ದ ಕಾಲದಲ್ಲಿ ಗಣಿಕೆಯೊಬ್ಬಳ ಕಥೆಯ ಚಿತ್ರಕ್ಕೆ ಅವರು ಒಪ್ಪಿಕೊಂಡರು. ಈ ಚಿತ್ರದ ನಿಜವಾದ ಮಹತ್ವ ಇರುವುದು ಇಲ್ಲಿಯೇ.

ರಂಗಭೂಮಿಯಲ್ಲೂ ಅದೇ ಪ್ರಶ್ನೆ ಎದ್ದಿತ್ತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ವಕೀಲ, ನಟ ಬಳ್ಳಾರಿ ರಾಘವ (1880–1946) ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಪಟ್ಟುಹಿಡಿದು, ಅವರನ್ನು ರಂಗಕ್ಕೆ ಕರೆತರಲು ದುಡಿದರು.

ಪಶ್ಚಿಮದ ಮೂಕಿಗಳು ಪ್ರಣಯಕ್ಕೆ ಆರಿಸಿಕೊಂಡದ್ದು ಹೆಚ್ಚಾಗಿ ಹೆಣ್ಣುಗಳ ಮನಸೆಳೆಯುವ ಗಂಡನ್ನು. ಅಲನ್ ಕ್ರಾಸ್‌ಲ್ಯಾಂಡ್ ನಿರ್ದೇಶನದ ‘ಡಾನ್ ಜುವಾನ್’ (1926) ಚಿತ್ರದಲ್ಲಿ ಜಾನ್ ಬ್ಯಾರಿಮೋರ್ ನಾಯಕ. ಅದರಲ್ಲಿ ಸಂಭಾಷಣೆ ಇರಲಿಲ್ಲ. ಆದರೆ ವಾರ್ನರ್ ಸಂಸ್ಥೆ ‘ವೈಟಾಫೋನ್’ ತಟ್ಟೆಗಳಲ್ಲಿ ಸಂಗೀತ, ಸದ್ದುಗಳನ್ನು ಮುದ್ರಿಸಿ ಚಿತ್ರಕ್ಕೆ ಹೊಂದಿಸಿತ್ತು. ಮರುವರ್ಷ ಫ್ರಾನ್ಸಿನ ‘ಕ್ಯಾಸನೋವಾ’ದಲ್ಲಿ ಇವಾನ್ ಮೊಝುಕಿನ್ ನಟಿಸಿದರು. ಶೂದ್ರಕನ ಕಥೆ ಬೇರೆ ದಾರಿಯದು. ಇಲ್ಲಿ ಮೊದಲು ಮನಸ್ಸು ಕೊಡುವವಳು ಹೆಣ್ಣು, ಬಲಾತ್ಕಾರಕ್ಕೆ ನಿಂತ ಗಂಡು ಖಳ.

ಚಿತ್ರ ಬಂದ ಹೊತ್ತು ಮಾತ್ರ ಅನುಕೂಲದ್ದಾಗಿರಲಿಲ್ಲ. 1931ರ ಮಾರ್ಚ್ 14ರಂದು ‘ಆಲಂ ಆರಾ’ ಭಾರತೀಯ ಚಿತ್ರಕ್ಕೆ ಮಾತು ಕೊಟ್ಟಿತು. 1934ರಲ್ಲಿ ‘ಸತಿ ಸುಲೋಚನಾ’ದೊಂದಿಗೆ ಕನ್ನಡ ವಾಕ್ಚಿತ್ರವೂ ಬಂತು. ಮೂಕಿಗಳನ್ನು ಕೇಳುವವರಿಲ್ಲದೆ, ಭಾರತದಲ್ಲಿ ತಯಾರಾದ ಅವುಗಳ ಬಹುಪಾಲು ಪ್ರತಿಗಳು ನಾಶವಾದವು.

ಕಥೆ ಮಾತ್ರ ಮತ್ತೆ ಮತ್ತೆ ತೆರೆಗೆ ಬಂತು. 1941ರಲ್ಲಿ ರಾಮಯ್ಯರ್ ಶಿರೂರ್ ನಿರ್ದೇಶನದಲ್ಲಿ ಎಂ. ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅಭಿನಯಿಸಿದ ಕನ್ನಡ ‘ವಸಂತಸೇನಾ’ ಬಿಡುಗಡೆಯಾಯಿತು. 1984ರಲ್ಲಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ ‘ಉತ್ಸವ್’ ನಿರ್ದೇಶಿಸಿದರು. ರೇಖಾ ವಸಂತಸೇನೆಯಾದರು, ಚಿತ್ರದ ನಿರ್ಮಾಪಕ ಶಶಿ ಕಪೂರ್ ಶಕಾರನಾದರು, ಕನ್ನಡದ ಶಂಕರ್ ನಾಗ್ ಕಳ್ಳನ ಪಾತ್ರ ವಹಿಸಿದರು.