ಖಿನ್ನತೆ

ಕನಿಷ್ಠ ಎರಡು ವಾರ, ದಿನದ ಬಹುಪಾಲು ಹೊತ್ತು ಬೇಸರ ಅಥವಾ ನಿರಾಸಕ್ತಿ ಕವಿದಿರುವ ಮನೋರೋಗ. ಆನುವಂಶಿಕತೆ, ದೀರ್ಘ ಕಾಯಿಲೆ, ಸಾಲ, ಅಗಲಿಕೆ ಮುಂತಾದವು ಕೂಡಿ ಕಾರಣವಾಗುತ್ತವೆ. ನಿದ್ರೆ, ಹಸಿವು, ಏಕಾಗ್ರತೆ ಕೆಡುತ್ತವೆ. ಹಲವರು ವೈದ್ಯರಲ್ಲಿ ಹೇಳಿಕೊಳ್ಳುವುದು ಮೈಕೈನೋವು, ಸುಸ್ತು ಮಾತ್ರ, ಹೀಗಾಗಿ ರೋಗ ಪತ್ತೆಯಾಗದೆ ಉಳಿಯುವುದುಂಟು. ‘ನಾನಿದ್ದು ಯಾರಿಗೇನು ಪ್ರಯೋಜನ’ ಎಂಬಂಥ ಮಾತು, ಪ್ರಿಯ ವಸ್ತುಗಳನ್ನು ಹಂಚಿಬಿಡುವುದು, ಹೆಚ್ಚಿದ ಕುಡಿತ, ದೀರ್ಘ ಸಂಕಟದ ಬಳಿಕ ಹಠಾತ್ತನೆ ಕಾಣುವ ನಿರಾಳತೆ ಆತ್ಮಹತ್ಯೆಯ ಅಪಾಯ ಸೂಚಿಸಬಹುದು. ಹಿಂದೊಮ್ಮೆ ಯತ್ನಿಸಿದ್ದರೆ ಅಪಾಯ ಇನ್ನೂ ಹೆಚ್ಚು. ನೇರವಾಗಿ ವಿಚಾರಿಸಿದರೆ ಆ ಯೋಚನೆ ಹುಟ್ಟುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಔಷಧ, ಮನೋಚಿಕಿತ್ಸೆಗಳಿಂದ ಬಹುತೇಕರು ಚೇತರಿಸಿಕೊಳ್ಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸುತ್ತದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಹಗಲಿರುಳೂ ಉಚಿತ, ಕನ್ನಡದಲ್ಲೂ ಲಭ್ಯ. ಅದರ ರಾಷ್ಟ್ರೀಯ ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.