ಡೊನಾಲ್ಡ್ ಬಾತುಕೋಳಿಯ ಗಂಟೆಗೂಲಿ

ಮಕ್ಕಳ ಕಾಮಿಕ್ಸ್‌ನಲ್ಲಿ ಪ್ರಾಣಿಗಳು ಎಡವಿ ಬೀಳುವುದು ನಗಿಸುವುದಕ್ಕೆ ಮಾತ್ರ ಎಂದುಕೊಂಡವರು ಡೊನಾಲ್ಡ್ ಡಕ್‌ನ ಹಳೆಯ ಕಥೆಗಳನ್ನು ಇನ್ನೊಮ್ಮೆ ತಿರುವಿಹಾಕಬೇಕು. 1934ರಲ್ಲಿ ಡಿಸ್ನಿಯ ಕಾರ್ಟೂನ್ ಚಿತ್ರದಲ್ಲಿ ಮೊದಲು ಬಂದಾಗ ಅವನೊಬ್ಬ ಮೈಗಳ್ಳ. ಆಡಿದ ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. ಅವನಿಗೆ ಸ್ಪಷ್ಟವಾದ ಮಾತು, ಹೊಟ್ಟೆಪಾಡಿನ ಚಿಂತೆ ಎರಡನ್ನೂ ಕೊಟ್ಟವರು ಕಾಮಿಕ್ಸ್ ಲೇಖಕ, ಚಿತ್ರಗಾರ ಕಾರ್ಲ್ ಬಾರ್ಕ್ಸ್. ಒರೆಗಾನ್‌ನ ರೈತನ ಮಗನಾದ ಬಾರ್ಕ್ಸ್ ರೈಲ್ವೆ ವರ್ಕ್‌ಶಾಪ್ ಸೇರಿ ಹತ್ತಾರು ಕಡೆ ದುಡಿದವರು. 1942ರಲ್ಲಿ ಡಿಸ್ನಿ ಸ್ಟುಡಿಯೊ ಬಿಟ್ಟು ಕೋಳಿ ಸಾಕಣೆಗೆಂದು ಹೊರಟರು, ಮರುವರ್ಷದಿಂದ ಬಾತುಕೋಳಿಯ ಕಥೆ ಬರೆಯುತ್ತ ಕುಳಿತರು. ಅವರ ಹತ್ತು ಪುಟದ ಕಥೆಗಳಲ್ಲಿ ಡೊನಾಲ್ಡ್ ಮತ್ತೆ ಮತ್ತೆ ಹೊಸ ಕಸುಬು ಹಿಡಿಯುತ್ತಾನೆ, ಕೆಡಿಸಿಕೊಳ್ಳುತ್ತಾನೆ. ಇವುಗಳಲ್ಲಿ ಒಳ್ಳೆಯವನ್ನು ನೋಡಿದರೆ, ಅವನು ಕೆಡುವುದು ಕೆಲಸ ಬಾರದ್ದಕ್ಕಲ್ಲ, ಚೆನ್ನಾಗಿ ಬಂದದ್ದಕ್ಕೆ. 1953ರ ಕಥೆಯೊಂದರಲ್ಲಿ ಅವನು ವಿಮಾನದಲ್ಲಿ ಹೋಗಿ ಮಳೆ ಸುರಿಸುವವನು. ಕೇಳಿದ ಹೊಲಕ್ಕೆ ಕೇಳಿದಷ್ಟೇ ಮಳೆ, ಅಂಥ ನಿಪುಣ. ಆದರೆ ತನ್ನ ಗೆಳತಿ ಡೈಸಿ ಪ್ರತಿಸ್ಪರ್ಧಿ ಗ್ಲ್ಯಾಡ್‌ಸ್ಟೋನ್ ಜೊತೆ ಪಿಕ್ನಿಕ್‌ಗೆ ಹೋದಳೆಂಬ ಹೊಟ್ಟೆಕಿಚ್ಚಿಗೆ ಮೋಡವನ್ನು ಕೆಣಕಿ, ಅದು ಮಂಜುಗಡ್ಡೆಯಾಗುವಂತೆ ಮಾಡಿಬಿಡುತ್ತಾನೆ. ಡ್ರೈ ಐಸ್ ಉದುರಿಸಿ ಮೋಡ ಬಿತ್ತುವ ಪ್ರಯೋಗ ಅಮೆರಿಕದಲ್ಲಿ ನಡೆದದ್ದು 1946ರಲ್ಲಷ್ಟೇ. ಪತ್ರಿಕೆಯ ಸುದ್ದಿ ಏಳೇ ವರ್ಷದಲ್ಲಿ ಬಾತುಕೋಳಿಯ ಜೀವನೋಪಾಯವಾಗಿತ್ತು.

ಈ ಕಥೆಗಳಲ್ಲಿ ನಿಜವಾದ ದುಡಿಮೆಯಿದೆ ಎಂಬುದನ್ನು ಒಪ್ಪದವರಿದ್ದಾರೆ. ಚಿಲಿಯಲ್ಲಿ 1971ರಲ್ಲಿ ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾಂಡ್ ಮ್ಯಾಟಲಾರ್ಟ್ ಪುಸ್ತಕವನ್ನೇ ಬರೆದು, ಡಿಸ್ನಿಯ ಲೋಕದಲ್ಲಿ ಉತ್ಪಾದನೆಯೇ ಇಲ್ಲ, ಸಂಪತ್ತು ದುಡಿದು ಬರುವುದಲ್ಲ, ಸಿಕ್ಕಿಬಿಡುವುದು, ಬಡ ದೇಶಗಳ ಜನ ಅಲ್ಲಿ ಏನೂ ಅರಿಯದ ಮಕ್ಕಳು ಎಂದು ಜರೆದರು. ನಿಧಿ ಹುಡುಕುವ ಸಾಹಸಗಳ ಮಟ್ಟಿಗೆ ಈ ಆರೋಪ ಸರಿಯೇ, ಅದರಲ್ಲೂ ಬಡ ದೇಶಗಳ ಜನರ ಕುರಿತ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಆದರೆ ದುಡಿಮೆಯೇ ಇಲ್ಲವೆಂಬುದು ಹತ್ತು ಪುಟದ ಕಥೆಗಳಿಗೆ ಹೊಂದದು. ಇದೆಲ್ಲ ಕಂಪನಿಯ ಸಿದ್ಧ ಸೂತ್ರ, ಒಬ್ಬ ಲೇಖಕನ ನೋಟವನ್ನು ಅದರಲ್ಲಿ ಹುಡುಕುವುದೇಕೆ ಎಂದೂ ಕೇಳಬಹುದು. ಆ ಕಾಮಿಕ್ಸ್ ಪುಸ್ತಕಗಳ ಮೇಲೆ ಇರುತ್ತಿದ್ದುದು ವಾಲ್ಟ್ ಡಿಸ್ನಿಯ ಹೆಸರೊಂದೇ, ನಿಜ. ಆದರೂ ಓದುಗರು ಗೆರೆ ನೋಡಿಯೇ ‘ಒಳ್ಳೆಯ ಬಾತುಕೋಳಿ ಚಿತ್ರಗಾರ’ನನ್ನು ಬೇರೆಯವರಿಂದ ಬೇರ್ಪಡಿಸುತ್ತಿದ್ದರು. ಸೂತ್ರವೊಂದೇ ಇದ್ದಿದ್ದರೆ ಅದು ಆಗುತ್ತಿರಲಿಲ್ಲ. ಇನ್ನು 1947ರಲ್ಲಿ ಬಾರ್ಕ್ಸ್ ಸೃಷ್ಟಿಸಿದ ಜಿಪುಣ ಮಾವ ಸ್ಕ್ರೂಜ್: ನಾಣ್ಯ ಉಜ್ಜುವ ಕೆಲಸಕ್ಕೆ ಅವನು ಡೊನಾಲ್ಡ್‌ಗೆ ಕೊಡುವುದು ಗಂಟೆಗೆ 30 ಸೆಂಟ್. 1950ರಿಂದ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್ ಇತ್ತು. ಮಕ್ಕಳಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ, ಪುಸ್ತಕಕ್ಕೆ ದುಡ್ಡು ಕೊಟ್ಟ ಅಪ್ಪಂದಿರಿಗಂತೂ ಗೊತ್ತಿತ್ತು.